ಸಮಾಜಶಾಸ್ತ್ರದ ಜೊತೆಗೆ ಅಪರಾಧಶಾಸ್ತ್ರ ಓದುವುದು ಹೇಗೆ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ ಸೀಮೆಯಲ್ಲಿ ಕೊನೆಕೊಯ್ಲು ಮುಗಿದು ಅಡಿಕೆ ಅಂಗಳಕ್ಕೆ ಬಂದಿತೆಂದರೆ ಒಂದೆರಡು ಕಡೆಯಿಂದ ಕಳವಿನ ಸುದ್ದಿಯೂ ಬರುತ್ತದೆ. ಸಂಜೆ ಹರಡಿಟ್ಟ ಅಡಿಕೆ ಬೆಳಗಾಗುವುದರೊಳಗೆ ಅರ್ಧಕ್ಕೆ ಇಳಿದಿರುತ್ತದೆ. ಮನೆಯ ಯಜಮಾನರು ಮೊದಲು ಹೋಗುವುದು ಊರಿನ ಹಿರಿಯರ ಹತ್ತಿರ. ಯಾರ ಮೇಲೆ ಅನುಮಾನ, ಯಾರು ಹೊಸದಾಗಿ ಪೇಟೆಯಲ್ಲಿ ಮಾಲು ಹಾಕಿದರು, ದೇವರ ಮುಂದೆ ಆಣೆ ಪ್ರಮಾಣ ಮಾಡಿಸುವುದೋ ಬೇಡವೋ ಎಂಬ ಮಾತು ನಡೆಯುತ್ತದೆ. ಠಾಣೆಯ ಮಾತು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಈ ಕಳವಿನ ಮುಂದೆ ನಿಂತು ಸಮಾಜಶಾಸ್ತ್ರ ಕೇಳುತ್ತದೆ: ಅನುಮಾನ ಮೊದಲು ಕೂಲಿಗೆ ಬಂದವರ ಮೇಲೆಯೇ ಏಕೆ ಬಿತ್ತು? ತೀರ್ಪು ಕೊಡುವ ಅಧಿಕಾರ ಹಿರಿಯರಿಗೆ ಎಲ್ಲಿಂದ ಬಂತು? ಅಪರಾಧಶಾಸ್ತ್ರ ಕೇಳುತ್ತದೆ: ಕದ್ದವನಿಗೆ ಅವಕಾಶ ಸಿಕ್ಕಿದ್ದು ಹೇಗೆ? ದೂರು ದಾಖಲಾಗದಿದ್ದರೆ ಈ ಘಟನೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಎರಡೂ ವಿಷಯಗಳನ್ನು ಓದುವಾಗ ನಾನು ಇವೆರಡನ್ನು ಬೇರೆ ಬೇರೆ ನೋಟ್‌ಬುಕ್‌ಗಳಲ್ಲಿ ಬರೆದುಕೊಂಡೆ. ಅವು ಒಂದೇ ಅಂಗಳದ ಬಗ್ಗೆ ಕೇಳಿದ ಪ್ರಶ್ನೆಗಳೆಂದು ಹೊಳೆದದ್ದು ಕೊನೆಯ ವರ್ಷದಲ್ಲಿ. ಈಗ ಓದಲು ಹೊರಟವರು ಅಷ್ಟು ದಿನ ಕಾಯಬೇಕಾಗಿಲ್ಲ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಎಲ್ಲಿ ಓದಬೇಕು, ಯಾವ ದಾರಿಯಲ್ಲಿ

ಸಮಾಜಶಾಸ್ತ್ರ ನಮ್ಮ ಜಿಲ್ಲೆಗೆ ಹೊಸದಲ್ಲ. ಪಿಯುಸಿ ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆಗೆ ಅದನ್ನು ಓದಿ ಬಂದವರು ಸಾಕಷ್ಟಿದ್ದಾರೆ. ಅಪರಾಧಶಾಸ್ತ್ರ ಪಿಯುಸಿಯಲ್ಲಿಲ್ಲ, ಪದವಿಯಲ್ಲೂ ಎಲ್ಲ ಕಾಲೇಜುಗಳಲ್ಲಿ ಸಿಗುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ (ಫೊರೆನ್ಸಿಕ್ ಸೈನ್ಸ್) ಸ್ನಾತಕೋತ್ತರ ವಿಭಾಗವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮತ್ತು ಮಂಗಳೂರಿನ ರೋಶನಿ ನಿಲಯದಲ್ಲಿ ಈ ವಿಷಯದ ವಿಭಾಗಗಳಿವೆ. ಕಾರವಾರ, ಕುಮಟಾ, ಅಂಕೋಲಾ, ಶಿರಸಿಯ ಪದವಿ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಸೇರುವುದರಿಂದ ನಮ್ಮವರಿಗೆ ಧಾರವಾಡವೇ ಸಹಜ ದಾರಿ.

ಹೀಗಾಗಿ ನಿಮ್ಮ ಮುಂದೆ ಎರಡು ಆಯ್ಕೆಗಳಿವೆ. ಮೊದಲನೆಯದು, ಎರಡೂ ವಿಷಯಗಳಿರುವ ಕಾಲೇಜಿಗೆ ಪಿಯುಸಿ ಮುಗಿದೊಡನೆ ಹೋಗಿ ಬಿಎಯಲ್ಲೇ ಎರಡನ್ನೂ ಐಚ್ಛಿಕವಾಗಿ ತೆಗೆದುಕೊಳ್ಳುವುದು. ಎರಡನೆಯದು, ಊರಿನ ಹತ್ತಿರದ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಮುಖ್ಯವಾಗಿಟ್ಟುಕೊಂಡು ಬಿಎ ಮುಗಿಸಿ, ಸ್ನಾತಕೋತ್ತರಕ್ಕೆ ಅಪರಾಧಶಾಸ್ತ್ರಕ್ಕೆ ಹೋಗುವುದು. ಮೂರು ವರ್ಷದ ಹಾಸ್ಟೆಲ್ ಖರ್ಚು ಮನೆಗೆ ಭಾರವಾಗುವುದಾದರೆ ಎರಡನೆಯದನ್ನು ಕಣ್ಣುಮುಚ್ಚಿ ಹಿಡಿಯಿರಿ. ಸಮಾಜಶಾಸ್ತ್ರದಲ್ಲಿ ಗಟ್ಟಿಯಾಗಿ ಬಂದವರು ಅಪರಾಧಶಾಸ್ತ್ರದ ಸಿದ್ಧಾಂತಗಳನ್ನು ಬೇಗ ಹಿಡಿಯುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಯುವ ಮೂರು ವರ್ಷವೂ ವ್ಯರ್ಥವಾಗುವುದಿಲ್ಲ, ಯುಜಿಸಿಯ ಇ-ಪಿಜಿ ಪಾಠಶಾಲಾದಲ್ಲಿ ಅಪರಾಧಶಾಸ್ತ್ರದ ಪಾಠಗಳು ಉಚಿತವಾಗಿ ಸಿಗುತ್ತವೆ.

ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಳೆಯ ನಾಲ್ಕು ವರ್ಷದ ಲೆಕ್ಕ ಹಿಡಿದು ಸಲಹೆ ಕೊಡುವವರ ಮಾತಿಗೆ ಗೊಂದಲಪಡಬೇಡಿ. ಪ್ರವೇಶದ ಅರ್ಜಿಯನ್ನು ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಆಗಿರುವ ಯುಯುಸಿಎಂಎಸ್ ಜಾಲತಾಣದ ಮೂಲಕ ಹಾಕಬೇಕು. ಅರ್ಜಿ ತುಂಬುವ ಮೊದಲು ಕಾಲೇಜಿಗೇ ಹೋಗಿ, ಈ ವರ್ಷ ಆ ವಿಷಯಕ್ಕೆ ಅಧ್ಯಾಪಕರು ಇದ್ದಾರೆಯೇ ಎಂದು ಕೇಳಿ. ಮಾಹಿತಿ ಪುಸ್ತಕದಲ್ಲಿ ವಿಷಯದ ಹೆಸರು ಕಂಡರೆ ಪಾಠ ನಡೆಯುತ್ತದೆ ಎಂದು ತಿಳಿದುಕೊಳ್ಳಬೇಡಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಅಪರಾಧಶಾಸ್ತ್ರ ಓದಿದರೆ ಪ್ರಯೋಗಾಲಯದಲ್ಲಿ ರಕ್ತದ ಮಾದರಿ ಪರೀಕ್ಷಿಸುವ ಕೆಲಸ ಸಿಗುತ್ತದೆ ಎಂದು ಧಾರಾವಾಹಿ ನೋಡಿ ಬರುವವರಿದ್ದಾರೆ. ಅದು ವಿಧಿವಿಜ್ಞಾನ, ಅದಕ್ಕೆ ವಿಜ್ಞಾನದ ಪದವಿ ಬೇಕು. ನಿಮ್ಮ ಮನಸ್ಸು ಅತ್ತ ಇದ್ದರೆ ಧಾರವಾಡದಲ್ಲಿರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣದಂತಹ ಕಡೆ ವಿಚಾರಿಸಿ, ಪಿಯುಸಿಯಲ್ಲೇ ವಿಜ್ಞಾನ ತೆಗೆದುಕೊಳ್ಳಿ. ಬಿಎ ಸೇರಿ ಎರಡನೇ ವರ್ಷದಲ್ಲಿ ಇದು ತಿಳಿದು ಅತ್ತವರನ್ನು ನಾನು ಬಲ್ಲೆ.

ಹೆಜ್ಜೆ 2: ಒಂದೇ ನೋಟ್‌ಬುಕ್, ಎರಡು ಪುಟ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ವಾರಕ್ಕೊಂದು ಘಟನೆಯನ್ನು ಪತ್ರಿಕೆಯ ಜಿಲ್ಲಾ ಪುಟದಿಂದ ಆರಿಸಿ. ಎಡಪುಟ ಸಮಾಜಶಾಸ್ತ್ರಕ್ಕೆ, ಬಲಪುಟ ಅಪರಾಧಶಾಸ್ತ್ರಕ್ಕೆ. ನಡುವಿನ ಮಡಿಕೆಯ ಹತ್ತಿರ ಘಟನೆಯನ್ನು ಮೂರೇ ಸಾಲಿನಲ್ಲಿ, ವಿಶೇಷಣವಿಲ್ಲದೆ ಬರೆಯಿರಿ.

ಮೇಲಿನ ಅಡಿಕೆ ಕಳವನ್ನೇ ತೆಗೆದುಕೊಳ್ಳೋಣ. ಎಡಪುಟದಲ್ಲಿ: ತೋಟ ಯಾರದು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾವ ಊರಿನವನು, ಸುಲಿಯಲು ಬಂದ ಹೆಂಗಸರು ಯಾರು, ಹಿರಿಯರ ಸಭೆಯಲ್ಲಿ ಅವರಿಗೆ ಕೂರುವ ಜಾಗವಿತ್ತೇ, ಮಾತಾಡುವ ಅವಕಾಶವಿತ್ತೇ. ಪ್ರಮಾಣ ಮಾಡಲು ಒಪ್ಪದವನನ್ನು ಊರು ಹೇಗೆ ನೋಡುತ್ತದೆ. ಜಾತಿ, ಭೂಮಿ, ಕೂಲಿ, ನಂಬಿಕೆ ಇವು ನಾಲ್ಕೂ ಒಂದು ಅಂಗಳದಲ್ಲಿ ಹೇಗೆ ಸೇರಿಕೊಂಡವು ಎಂಬುದು ಆ ಪುಟ.

ಬಲಪುಟದಲ್ಲಿ: ಎಷ್ಟು ಮಾಲು, ಯಾವ ಹೊತ್ತು, ನಾಯಿ ಬೊಗಳಿತೇ, ಮನೆಯಲ್ಲಿ ಯಾರಿದ್ದರು, ಮಾಲು ಎಲ್ಲಿ ಮಾರಾಟವಾಗಬಹುದು. ಅನಂತರ ಕಾನೂನು. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿನ ಬಗ್ಗೆ ಇರುವ 303ನೇ ಕಲಂ ತೆರೆದು ನೋಡಿ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸ್ವತ್ತು ಕದ್ದು ಮೊದಲ ಬಾರಿಗೆ ಶಿಕ್ಷೆಗೆ ಒಳಗಾಗುವವನು ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅಷ್ಟು ಸಣ್ಣ ಕಳವು ಅಸಂಜ್ಞೇಯ ಅಪರಾಧವೂ ಹೌದು, ಎಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅಡಿಕೆ ಕ್ವಿಂಟಲ್‌ಗೆ 40,000 ರೂಪಾಯಿ ಇದೆ ಎಂದುಕೊಳ್ಳಿ, ಹನ್ನೆರಡೂವರೆ ಕಿಲೋ ಹೋದರೆ 5,000. ಒಂದು ಸಣ್ಣ ಚೀಲ. ಹತ್ತು ಕಿಲೋ ಹೊತ್ತವನಿಗೂ ಹದಿನೈದು ಕಿಲೋ ಹೊತ್ತವನಿಗೂ ನಡುವೆ ಕಾನೂನು ಇಷ್ಟು ದೊಡ್ಡ ಗೆರೆ ಎಳೆದಿದೆ. ಆ ವರ್ಷ ಅಡಿಕೆಯ ದರ ಏರಿದರೆ ಗೆರೆಯೂ ಸರಿಯುತ್ತದೆ! ಇದನ್ನು ಕಂಡ ದಿನ ನನಗೆ ಕಲಂಗಳನ್ನು ಬಾಯಿಪಾಠ ಮಾಡುವ ಬೇಸರ ಬಿಟ್ಟುಹೋಯಿತು.

ಎರಡೂ ಪುಟ ತುಂಬಿದ ಮೇಲೆ ಒಂದು ಬಾಣ ಎಳೆಯಿರಿ, ಎಡಪುಟದ ಯಾವ ಸಂಗತಿ ಬಲಪುಟದ ಯಾವ ಸಂಗತಿಯನ್ನು ವಿವರಿಸುತ್ತದೆ ಎಂದು. ಊರಿನ ರಾಜಿ ಪಂಚಾಯಿತಿಕೆ ಬಲವಾಗಿದ್ದಲ್ಲಿ ಠಾಣೆಯ ದೂರು ಕಡಿಮೆ, ಇದು ಒಂದು ಬಾಣ. ಬಾಣ ಸಿಗದ ವಾರವೂ ಇರುತ್ತದೆ. ಆಗ ಸುಳ್ಳು ಬಾಣ ಎಳೆಯದೆ ಪುಟ ಹಾಗೇ ಬಿಡಿ.

ಹೆಜ್ಜೆ 3: ಸಿದ್ಧಾಂತವನ್ನು ಊರಿಗೆ ತನ್ನಿ

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್‌ನಿಂದ ಶುರುಮಾಡಿ. ಅಪರಾಧವೇ ಇಲ್ಲದ ಸಮಾಜವಿಲ್ಲ, ಅಪರಾಧ ಸಮಾಜದ ಸಹಜ ಸ್ಥಿತಿಯ ಭಾಗ, ಇಂದಿನ ಅಪರಾಧ ನಾಳೆಯ ನೀತಿಯೂ ಆಗಬಹುದು ಎಂದು ಅವನು 1895ರಲ್ಲಿ ವಾದಿಸಿದ. ಉದಾಹರಣೆಗೆ ಸಾಕ್ರೆಟಿಸ್‌ನನ್ನು ಕೊಟ್ಟ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಸಮುದ್ರದ ನೀರಿನಿಂದ ಉಪ್ಪು ಮಾಡಿದ್ದು ಅಪರಾಧವಾಗಿತ್ತು, ಜನ ಜೈಲಿಗೆ ಹೋದರು. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಇಂದು ಅದೇ ಸಮುದ್ರದ ನೀರು ಗದ್ದೆಯಲ್ಲಿ ಉಪ್ಪಾಗುತ್ತದೆ, ಲಾರಿ ಹತ್ತಿ ಹೋಗುತ್ತದೆ. ನೀರು, ಉಪ್ಪು, ಬಿಸಿಲು ಬದಲಾಗಲಿಲ್ಲ. ಬದಲಾದದ್ದು ನಿಯಮ ಬರೆಯುವವರು. ಪರೀಕ್ಷೆಯಲ್ಲಿ ಡರ್ಕ್‌ಹೈಮ್‌ನ ಮೇಲೆ ಪ್ರಶ್ನೆ ಬಂದರೆ ಈ ಉದಾಹರಣೆ ಬರೆಯಿರಿ, ಮೌಲ್ಯಮಾಪಕರು ಓದುತ್ತಾ ನಿಲ್ಲುತ್ತಾರೆ.

ಇದರ ಎದುರು ಬದಿಯೂ ಅಂಕೋಲೆಯಲ್ಲೇ ಇದೆ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ಎಲ್ಲರೂ ಹಾಲಕ್ಕಿ ಸಮುದಾಯದ ಜಾನಪದ ಹಾಡುಗಳಿಂದ ಬಲ್ಲರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಮದ್ಯದ ವಿರುದ್ಧ ಹೆಂಗಸರನ್ನು ಕಟ್ಟಿ ಹೋರಾಡಿದವರೂ ಹೌದು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅದಕ್ಕೂ ಮೊದಲು ಸರ್ಕಾರವೇ ಗುತ್ತಿಗೆ ಕೊಟ್ಟು ಮಾರಿಸುತ್ತಿದ್ದ ವಸ್ತು ಅದು. ಕಾನೂನು ಒಪ್ಪಿದ್ದನ್ನು ಮನೆಯ ಹೆಂಗಸು ಒಪ್ಪದಿದ್ದಾಗ ಹಾನಿ ಯಾವುದು, ಅಪರಾಧ ಯಾವುದು ಎಂಬ ಪ್ರಶ್ನೆ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿ.

ಮುಂದೆ ಸದರ್‌ಲ್ಯಾಂಡ್. ಈ ಎರಡು ವಿಷಯಗಳನ್ನು ಏಕೆ ಒಟ್ಟಿಗೆ ಓದಬೇಕು ಎಂಬುದಕ್ಕೆ ಅವನೇ ಉತ್ತರ, ಏಕೆಂದರೆ ಅವನು ಸಮಾಜಶಾಸ್ತ್ರಜ್ಞನಾಗಿದ್ದುಕೊಂಡೇ ಅಪರಾಧಶಾಸ್ತ್ರವನ್ನು ಕಟ್ಟಿದ. ಅಪರಾಧದ ವರ್ತನೆಯನ್ನು ಮನುಷ್ಯ ಹತ್ತಿರದವರ ಒಡನಾಟದಲ್ಲಿ ಕಲಿಯುತ್ತಾನೆ ಎಂಬುದು ಅವನ ಭಿನ್ನ ಸಹವಾಸ ಸಿದ್ಧಾಂತ. ಪ್ರತಿಷ್ಠಿತರು ತಮ್ಮ ವೃತ್ತಿಯೊಳಗೇ ಮಾಡುವ ತಪ್ಪುಗಳನ್ನೂ ಅಪರಾಧವೆಂದೇ ಎಣಿಸಬೇಕು ಎಂದು 1939ರಲ್ಲಿ ಅವನು ಹೇಳಿದ. ಅಲ್ಲಿಂದ ಬಿಳಿ ಕಾಲರ್ ಅಪರಾಧ ಎಂಬ ಪದ ಬಂತು. ಬೇಲೆಕೇರಿ ಬಂದರನ್ನು ನೆನೆಯಿರಿ. ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿಟ್ಟಿದ್ದ ಕಬ್ಬಿಣದ ಅದಿರು 2010ರಲ್ಲಿ ಅಲ್ಲಿಂದ ಹಡಗು ಹತ್ತಿ ಹೋದದ್ದು, 2011ರ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯ ಸರಪಳಿಯನ್ನು ಬಿಡಿಸಿಟ್ಟದ್ದು, ಇವೆಲ್ಲ ಸಾರ್ವಜನಿಕ ದಾಖಲೆಗಳು. ಅಡಿಕೆ ಚೀಲ ಹೊತ್ತವನ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹಡಗಿನಲ್ಲಿ ಹೋದ ಅದಿರಿನ ಹಿಂದಿನ ಹೆಸರುಗಳನ್ನು ಹುಡುಕಲು ವರದಿ, ಆಯೋಗ, ನ್ಯಾಯಾಲಯ ಎಲ್ಲವೂ ಬೇಕಾಗುತ್ತವೆ. ನಿಮ್ಮ ನೋಟ್‌ಬುಕ್‌ನಲ್ಲಿ ಇವೆರಡನ್ನೂ ಎದುರುಬದುರು ಬರೆದಿಡಿ.

ಹಣೆಪಟ್ಟಿ ಸಿದ್ಧಾಂತಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ಬೆಕರ್‌ನ ಹೆಸರು ಮುಖ್ಯ, ಅವನ ಪುಸ್ತಕ ಬಂದದ್ದು 1963ರಲ್ಲಿ. ಒಂದು ಕೃತ್ಯ ತಾನಾಗಿಯೇ ವಿಚಲಿತವಲ್ಲ, ಎಂದರೆ ರೂಢಿ ಮೀರಿದ್ದಲ್ಲ, ಇತರರು ಅದಕ್ಕೆ ಪಟ್ಟಿ ಅಂಟಿಸಿದಾಗ ಹಾಗಾಗುತ್ತದೆ ಎಂಬುದು ಸಾರ. ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದವರು ಅಲ್ಲಿನ ಸೆಟ್ಲಮೆಂಟ್ ಎಂಬ ಪ್ರದೇಶದ ಹೆಸರು ಕೇಳಿರುತ್ತೀರಿ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡಿತು, ಬೇಲಿ ಹಾಕಿದ ವಸಾಹತುಗಳೊಳಗೆ ಇರಿಸಿತು. ಆ ವಸಾಹತಿನ ನೆನಪು ಆ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು, ಅಂಟಿದ ಹೆಸರು ಇಂದಿಗೂ ಪೂರ್ತಿ ಬಿಟ್ಟಿಲ್ಲ. ಅಪರಾಧ ಹುಟ್ಟಿನಲ್ಲೇ ಇರುತ್ತದೆ ಎಂದು ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಬರೆದದ್ದನ್ನು ಈ ಕಾಯ್ದೆಯ ಪಕ್ಕದಲ್ಲಿಟ್ಟು ಓದಿದರೆ, ತಪ್ಪು ವಿಜ್ಞಾನ ಮತ್ತು ತಪ್ಪು ಕಾನೂನು ಒಂದೇ ಕಾಲದಲ್ಲಿ ಹೇಗೆ ಬೆಳೆದವು ಎಂಬುದು ಕಾಣುತ್ತದೆ. ಇಲ್ಲಿ ಒಂದು ವಾರ ಹೆಚ್ಚು ಕಳೆಯಿರಿ.

ಅಮೆರಿಕದ ಸಂಶೋಧಕರಾದ ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಹೇಳಿದ್ದು ಸರಳ: ಮನಸ್ಸು ಮಾಡಿದವನು, ಸಿಗುವ ವಸ್ತು, ಕಾಯುವವರ ಅಭಾವ, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದಾಗ ಅಪರಾಧ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಜೇಬುಗಳ್ಳತನವನ್ನು, ಗೋವೆಯ ಅಗ್ಗದ ಮದ್ಯ ಮಾಜಾಳಿ ತಪಾಸಣಾ ಠಾಣೆ ದಾಟಿ ಬರುವ ಪ್ರಯತ್ನಗಳನ್ನು ಇದರಿಂದ ವಿವರಿಸಬಹುದು. ಮದ್ಯದ ವಿಷಯದಲ್ಲಿ ಮಾತ್ರ ಇದೊಂದೇ ಸಾಲದು. ಗಡಿಯ ಎರಡು ಬದಿಯ ತೆರಿಗೆಯ ಅಂತರವೂ, ಕೆಲಸವಿಲ್ಲದ ಹುಡುಗರೂ ಅಲ್ಲಿದ್ದಾರೆ. ಗುರಿ ಎಲ್ಲರಿಗೂ ಒಂದೇ, ದಾರಿ ಎಲ್ಲರಿಗೂ ತೆರೆದಿಲ್ಲ ಎಂದ ಸಮಾಜಶಾಸ್ತ್ರಜ್ಞ ಮರ್ಟನ್‌ನನ್ನು (1938) ಅಲ್ಲಿಗೆ ಕರೆಯಿರಿ.

ಹೆಜ್ಜೆ 4: ಕಾನೂನಿನ ಮೂಲಪಠ್ಯ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಹಳೆಯ ಪುಸ್ತಕಗಳಲ್ಲಿ 1860ರ ದಂಡ ಸಂಹಿತೆಯ ಕಲಂ ಸಂಖ್ಯೆಗಳೇ ಇರುವುದರಿಂದ ಒಂದು ಹೋಲಿಕೆ ಪಟ್ಟಿ ನೋಟ್‌ಬುಕ್‌ನ ಹಿಂಬದಿಗೆ ಅಂಟಿಸಿ. ಜೊತೆಗೆ 2015ರ ಬಾಲನ್ಯಾಯ ಕಾಯ್ದೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ 2012ರ ಪೋಕ್ಸೊ, 1958ರ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ ಓದಿದರೆ ಬಿಎ ಮಟ್ಟಕ್ಕೆ ಸಾಕು.

ನ್ಯಾಯಾಲಯ ಎಲ್ಲರಿಗೂ ತೆರೆದ ಜಾಗ ಎಂಬುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ಗೋಪ್ಯವಾಗಿ ನಡೆಯುವ ಪ್ರಕರಣಗಳನ್ನು ಬಿಟ್ಟರೆ ಉಳಿದ ವಿಚಾರಣೆಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು. ಕಾರವಾರದಲ್ಲಿ ಹಾಗೆ ಕುಳಿತಾಗ ಒಂದು ನೆನಪು ಜೊತೆಗಿರಲಿ: ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಅವರ ಮನೆಗೆ ಬಂದ ತಮ್ಮನ ಹೆಸರು ಇಂದು ಕಡಲತೀರಕ್ಕಿದೆ. ಮೊಬೈಲ್ ಆಫ್ ಮಾಡಿ, ಯಾರು ಮಾತಾಡುತ್ತಾರೆ, ಯಾರ ಮಾತನ್ನು ವಕೀಲರು ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ, ಸಾಕ್ಷಿಗೆ ಎಷ್ಟು ಹೊತ್ತು ಕಾಯಬೇಕಾಯಿತು, ಇವನ್ನು ಗಮನಿಸಿ. ಎರಡು ಮಧ್ಯಾಹ್ನ ಸಾಕು, ಪಠ್ಯದಲ್ಲಿಲ್ಲದ್ದು ಕಾಣತೊಡಗುತ್ತದೆ.

ಹೆಜ್ಜೆ 5: ಅಂಕಿಗಳನ್ನು ಅನುಮಾನದಿಂದ ಓದಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 1986ರಲ್ಲಿ ಸ್ಥಾಪನೆಯಾಯಿತು. ದೇಶದ ಅಪರಾಧಗಳ ವಾರ್ಷಿಕ ವರದಿಯ ಪರಂಪರೆ 1953ರಿಂದಲೇ ಇದೆ. ಓದುವ ಮೊದಲು ಎರಡು ಸಂಗತಿ ತಿಳಿದಿರಲಿ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಎಣಿಸುವುದು ಅವುಗಳಲ್ಲಿ ಅತಿ ಗಂಭೀರವಾದ ಒಂದನ್ನು ಮಾತ್ರ. ಕೊಲೆಯ ಜೊತೆಗೆ ಕಳವೂ ಆಗಿದ್ದರೆ ಆ ಕಳವು ಅಂಕಿಗಳಲ್ಲಿ ಕಾಣುವುದಿಲ್ಲ. ಎರಡನೆಯದಾಗಿ, ಅಪರಾಧ ದರವೆಂದರೆ ಲಕ್ಷ ಜನಸಂಖ್ಯೆಗೆ ಎಷ್ಟು ಎಂಬ ಲೆಕ್ಕ.

ಈ ಲಕ್ಷದ ಲೆಕ್ಕ ನಮ್ಮ ಜಿಲ್ಲೆಯಲ್ಲಿ ಹೇಗೆ ಎಡವುತ್ತದೆ ನೋಡಿ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಜೋಯಿಡಾ ತಾಲೂಕಿನದು ಸುಮಾರು 52 ಸಾವಿರ. ಅಲ್ಲಿ ಒಂದೇ ಒಂದು ಪ್ರಕರಣ ಹೆಚ್ಚಾದರೆ ಲಕ್ಷಕ್ಕೆ ಇಷ್ಟು ಎಂಬ ದರಕ್ಕೆ ಸುಮಾರು ಎರಡು ಕೂಡುತ್ತದೆ. ಒಂದು ವರ್ಷದ ಅಂಕಿ ಹಿಡಿದು ತಾಲೂಕಿಗೆ ಏನೋ ಆಗಿಬಿಟ್ಟಿದೆ ಎಂದು ಬರೆಯುವುದು ತಪ್ಪು, ಕನಿಷ್ಠ ಐದು ವರ್ಷದ್ದನ್ನು ಜೋಡಿಸಿ ನೋಡಬೇಕು. ಗೋಕರ್ಣ, ಮುರುಡೇಶ್ವರದಲ್ಲಿ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ದಾಖಲಾಗುವ ಕಳವುಗಳಲ್ಲಿ ಪ್ರವಾಸಿಗರ ಸಾಮಾನಿನದೂ ಸೇರಿರುತ್ತದೆ, ಭಾಗಿಸುವ ಜನಸಂಖ್ಯೆಯಲ್ಲಿ ಆ ಪ್ರವಾಸಿಗರು ಇರುವುದಿಲ್ಲ. ದರ ಸಹಜವಾಗಿಯೇ ಉಬ್ಬುತ್ತದೆ. ಅತ್ತ ಹಿರಿಯರ ಮುಂದೆ ಮುಗಿದುಹೋದ ಅಡಿಕೆ ಕಳವು ಭಾಗಾಕಾರದ ಯಾವ ಸಾಲಿನಲ್ಲೂ ಇಲ್ಲ. ದಾಖಲಾಗದ ಅಪರಾಧದ ಬಗ್ಗೆ ಪಠ್ಯದಲ್ಲಿ ಒಂದು ಪುಟವಿದ್ದರೆ ನಿಮ್ಮ ಎಡಪುಟಗಳಲ್ಲಿ ಅದರ ಹತ್ತು ಉದಾಹರಣೆಗಳು ಈಗಾಗಲೇ ಇರುತ್ತವೆ.

ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಕಿರುಪ್ರಬಂಧಕ್ಕೆ ಇದು ದೊಡ್ಡ ಅನುಕೂಲ.

ಹೆಜ್ಜೆ 6: ಕ್ಷೇತ್ರಕಾರ್ಯ

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಕಿರುಪ್ರಬಂಧದ ಮೊದಲ ಕರಡಿನಲ್ಲಿ ಒಂದು ಹಳ್ಳಿಯ ಜಗಳದ ಬಗ್ಗೆ ಬರೆದಿದ್ದೆ. ಊರಿನ ಹೆಸರು, ಜನರ ಹೆಸರು ಎಲ್ಲ ಬದಲಿಸಿದ್ದೆ. ಆ ಕಡೆಯವರೇ ಆದ ಗೆಳತಿಯೊಬ್ಬಳು ಓದಿ ಎರಡನೇ ಸಾಲಿಗೇ ತಲೆ ಎತ್ತಿ, ಇದು ಇಂಥವರ ಮನೆಯಲ್ಲವೇ ಎಂದಳು. ಹೊಳೆಯಾಚೆಯ ಒಂಟಿ ಮನೆ, ಮುಂಬಯಿಯಿಂದ ಮರಳಿದ ಮಗ ಎಂಬ ಎರಡು ವಿವರಗಳು ಸಾಕಾಗಿದ್ದವು. ನಮ್ಮ ಕೇರಿ ಕೊಪ್ಪಗಳು ಅಷ್ಟು ಚಿಕ್ಕವು. ಆ ರಾತ್ರಿ ಹನ್ನೊಂದು ಪುಟ ಹರಿದು ಮತ್ತೆ ಬರೆದೆ.

ಹೀಗಾಗಿ ಹೆಸರಿನ ಜೊತೆಗೆ ಮನೆಯ ಜಾಗ, ಉದ್ಯೋಗ, ಮಕ್ಕಳ ಸಂಖ್ಯೆಯನ್ನೂ ಬದಲಿಸಿ ಅಥವಾ ಬಿಡಿ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತು ತಿಳಿಯುವಂತೆ ಪ್ರಕಟಿಸುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊದ 23ನೇ ಕಲಂ ಇದೆ. ಬಿಎ ವಿದ್ಯಾರ್ಥಿಗಳು ಇಂಥ ಪ್ರಕರಣಗಳ ಸಂತ್ರಸ್ತರನ್ನು ಸಂದರ್ಶಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾಷೆಯ ಬಗ್ಗೆ ಎಚ್ಚರವಿರಲಿ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿಯಲ್ಲಿ ಹವ್ಯಕ ಕನ್ನಡ, ಅಂಕೋಲೆಯಲ್ಲಿ ಹಾಲಕ್ಕಿಗಳ ಕನ್ನಡ. ಪ್ರಶ್ನಾವಳಿಯಲ್ಲಿ ಅಪರಾಧ ಎಂದು ಬರೆದರೆ ಜನ ಬಾಯಿ ಮುಚ್ಚುತ್ತಾರೆ. ಕಷ್ಟ, ತಕರಾರು, ನಷ್ಟ ಎಂದು ಕೇಳಿದರೆ ಮಾತು ಬರುತ್ತದೆ. ಕಾಲವನ್ನೂ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನ ಜನ ಸಿಗುವುದೂ, ಸಮಾಧಾನದಿಂದ ಕುಳಿತು ಮಾತಾಡುವುದೂ ಆಗಲೇ. ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯ ನಿಷೇಧವನ್ನು ಯಾರು ಮುರಿಯುತ್ತಾರೆ, ಸಾಂಪ್ರದಾಯಿಕ ದೋಣಿಯವರು ಅದನ್ನು ಹೇಗೆ ನೋಡುತ್ತಾರೆ ಎಂಬುದು ಒಳ್ಳೆಯ ಕಿರುಪ್ರಬಂಧದ ವಿಷಯ, ಅದಕ್ಕೆ ಎರಡೂ ಶಾಸ್ತ್ರಗಳು ಬೇಕು. ಅರಣ್ಯ ಅತಿಕ್ರಮಣವೂ ಹಾಗೆಯೇ: 1963ರ ಅರಣ್ಯ ಕಾಯ್ದೆಯ ಕಣ್ಣಿಗೆ ಅತಿಕ್ರಮಣದಾರನಾದವನೇ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕಿಗೆ ಅರ್ಜಿ ಹಾಕಿದವನೂ ಆಗಿರಬಹುದು.

ಜೈಲು ಭೇಟಿಗೆ ಕಾಲೇಜಿನ ಪತ್ರದ ಮೂಲಕವೇ ಅನುಮತಿ ಕೇಳಿ, ಎರಡು ತಿಂಗಳು ಮೊದಲೇ.

ಹೆಜ್ಜೆ 7: ಮುಂದಿನ ದಾರಿ

ಪಿಎಸ್‌ಐ ನೇಮಕಾತಿಗೆ ಯಾವುದೇ ಪದವಿ ನಡೆಯುತ್ತದೆ, ಅಪರಾಧಶಾಸ್ತ್ರ ಓದಿದ್ದು ಅಲ್ಲಿ ಅರ್ಹತೆಗಿಂತ ಹೆಚ್ಚಾಗಿ ತಿಳಿವಳಿಕೆಗೆ ಬರುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಸಮಾಜಶಾಸ್ತ್ರವಿದೆ, ಅಪರಾಧಶಾಸ್ತ್ರವಿಲ್ಲ. ಮಕ್ಕಳ ರಕ್ಷಣಾ ಘಟಕ, ಪರಿವೀಕ್ಷಣಾಧಿಕಾರಿ ಹುದ್ದೆ, ಕಾನೂನು ನೆರವು, ಸಮಾಜಕಾರ್ಯ ಇವು ಎರಡೂ ವಿಷಯ ಬಲ್ಲವರಿಗೆ ಹೇಳಿ ಮಾಡಿಸಿದ ಜಾಗಗಳು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜಕಾರ್ಯಕರ್ತರು ಕೂರಬೇಕು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು ಎಂದು ಕಾನೂನೇ ಹೇಳುತ್ತದೆ. ಹದಿನಾರರ ಹುಡುಗನ ಮುಂದೆ ಕೂತಾಗ ಕಲಂ ಎಷ್ಟು ಬೇಕೋ ಅವನ ಮನೆ, ಕೇರಿ, ಶಾಲೆ ಬಿಟ್ಟ ಕಾರಣವೂ ಅಷ್ಟೇ ಬೇಕು.

ಅಧ್ಯಾಪನ ಬಯಸುವವರು ಎಂಎ ಆರಿಸುವ ಹೊತ್ತಿಗೇ ಲೆಕ್ಕ ಹಾಕಿ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಸಮಾಜಶಾಸ್ತ್ರ ಮತ್ತು ಅಪರಾಧಶಾಸ್ತ್ರ ಪ್ರತ್ಯೇಕ ವಿಷಯಗಳು. ಸಮಾಜಶಾಸ್ತ್ರದ ಹುದ್ದೆಗಳು ಹೆಚ್ಚು ಕಾಲೇಜುಗಳಲ್ಲಿವೆ, ಸ್ಪರ್ಧಿಗಳೂ ಹೆಚ್ಚು. ಅಪರಾಧಶಾಸ್ತ್ರದಲ್ಲಿ ಎರಡೂ ಕಡಿಮೆ. ನನ್ನನ್ನು ಕೇಳಿದರೆ ಎಂಎ ಸಮಾಜಶಾಸ್ತ್ರದಲ್ಲಿ ಮಾಡಿ, ಜೊತೆಗೆ ಇಗ್ನೊದ ಅಪರಾಧ ನ್ಯಾಯದ ಸ್ನಾತಕೋತ್ತರ ಡಿಪ್ಲೊಮಾದಂತಹದ್ದನ್ನು ದೂರಶಿಕ್ಷಣದಲ್ಲಿ ಮುಗಿಸಿ. ಆ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕಬೇಡಿ, ಪಿಎಚ್‌ಡಿಯ ಪ್ರಸ್ತಾವನೆ ಬರೆಯುವ ದಿನ ವಿಷಯ ಹುಡುಕಲು ಮೊದಲು ತೆರೆಯಬೇಕಾದದ್ದು ಅವನ್ನೇ.